ಚಿತ್ರಕಲಾ ಪ್ರದರ್ಶನಕ್ಕೆ ಯಾವ ಲೈಟು? ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕಿ, 100ಕ್ಕೆ) 90 ದಾಟಿದ ಟ್ರ್ಯಾಕ್ ಸ್ಪಾಟ್‌ಗೆ. ದುಡ್ಡು ಜಾಸ್ತಿ, ನಿಜ. ಆದರೂ ಅದೇ.

ಗೆಳೆಯರ ಪ್ರದರ್ಶನಗಳಿಗೆ ಲೈಟು ಹಾಕಿಕೊಡುವುದು ನನಗೊಂದು ಹುಚ್ಚು. ಎಲ್ಲಾ ಬೆಂಗಳೂರಿನಲ್ಲಿ ವಾರದ ಮಟ್ಟಿಗೆ ಹಾಲ್ ಬಾಡಿಗೆ ಹಿಡಿದು ಮಾಡುವಂಥವು. ಹಿಂದಿನ ರಾತ್ರಿ ಕಟ್ಟಬೇಕು, ಕೊನೆಯ ಸಂಜೆ ಬಿಚ್ಚಬೇಕು, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಬೀದಿಯಲ್ಲಿ ನಡೆಯುವ ಚಿತ್ರಸಂತೆಯಲ್ಲಾದರೆ ಬಿಸಿಲೇ ಲೈಟು, ಪುಕ್ಕಟೆ. ಒಳಗೆ ಹಾಗಲ್ಲ.

ಸ್ಟಾಲ್ ಹಾಕುವವರು ಕೊಡುವ ಆರ್ಮ್ ಲೈಟು ಎಲ್ಲಕ್ಕಿಂತ ಅಗ್ಗ. ಬೋರ್ಡಿನ ತಲೆಗೆ ಕ್ಲ್ಯಾಂಪ್ ಬಿಗಿದರೆ ಕೆಲಸ ಮುಗಿಯಿತು. ಸೀರೆ ಮಾರಾಟಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಫ್ರೇಮ್ ಹಾಕಿದ ಚಿತ್ರಕ್ಕೆ ಬೆಳಕು ಮೇಲಿಂದ, ಗೋಡೆಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳಬೇಕು. ಚಿತ್ರದ ಮಧ್ಯಭಾಗ 5 ಅಡಿ ಎತ್ತರದಲ್ಲಿದ್ದು ಲೈಟು 8 ಅಡಿಯಲ್ಲಿದ್ದರೆ, ಅದು ಗೋಡೆಯಿಂದ ಒಂದು ಮುಕ್ಕಾಲು ಅಡಿ ಈಚೆ ಇರಬೇಕು. ನಮಗೆ ಕೊಟ್ಟ ಲೈಟಿನ ಕೈ ಒಂದೇ ಅಡಿ. ಬೆಳಕು ಮೇಲಿಂದ ನೆಟ್ಟಗೆ ಸುರಿದು, ಫ್ರೇಮಿನ ಮೇಲಂಚಿನ ನೆರಳು ಪ್ರತಿ ಚಿತ್ರದ ಆಕಾಶದ ಮೇಲೂ ಕಪ್ಪು ಪಟ್ಟಿಯಾಗಿ ಕೂತಿತು. ಬಿಳಿ ಅಂದ್ರೆ 6500 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ, ಹೆಚ್ಚಿದಷ್ಟೂ ನೀಲಿ ಛಾಯೆ) ಆಸ್ಪತ್ರೆ ಬಿಳಿ ಬೇರೆ.

ಎರಡನೆಯದು ಅಗ್ಗದ ಟ್ರ್ಯಾಕ್ ಲೈಟು. ಕರೆಂಟು ಹರಿಯುವ ಪಟ್ಟಿಯನ್ನು, ಅಂದ್ರೆ ಟ್ರ್ಯಾಕನ್ನು, ಚಾವಣಿಯ ಪೈಪಿಗೆ ಕಟ್ಟಿ, ಬೇಕಾದ ಕಡೆ ಸ್ಪಾಟ್ ಸಿಕ್ಕಿಸುವುದು. 10 ಅಡಿ ಎತ್ತರಕ್ಕೆ ಕಟ್ಟಿ ಗೋಡೆಯಿಂದ 3 ಅಡಿ ಈಚೆ ತಂದರೆ ಓರೆ ಸರಿಹೋಗುತ್ತದೆ, ನೆರಳೂ ಮಾಯ. ಕಣ್ಣಿಗೆ ಎಲ್ಲಾ ಸರಿಯಾಗಿಯೇ ಕಂಡಿತು.

ಉದ್ಘಾಟನೆಯ ದಿನ ಬಂದವರೆಲ್ಲ ಫೋನ್ ತೆಗೆದರು. ವಿಡಿಯೊದಲ್ಲಿ ಪ್ರತಿ ಗೋಡೆಯ ಮೇಲೂ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದವು. ಚಿತ್ರ ಬಿಡಿಸಿದ ಗೆಳತಿ ನನ್ನ ಮುಖ ನೋಡಿದಳು. ಎಲೆಕ್ಟ್ರಿಷಿಯನ್ 'ಫೋನ್ ಸರಿಯಿಲ್ಲ ಸಾರ್' ಅಂದ. ಎಲ್ಲರ ಫೋನೂ ಕೆಟ್ಟಿರುತ್ತಾ?

ಆಗುವುದು ಇಷ್ಟೇ. ನಮ್ಮ ಕರೆಂಟು 50 ಹರ್ಟ್ಜ್. ಲೈಟಿನೊಳಗಿನ ಡ್ರೈವರ್ (ಎಲ್ಇಡಿಗೆ ಕರೆಂಟು ಹೊಂದಿಸಿಕೊಡುವ ಸರ್ಕಿಟ್) ಅದನ್ನು ಸರಿಯಾಗಿ ಸಮ ಮಾಡದಿದ್ದರೆ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಅದು ಗೊತ್ತಾಗಲ್ಲ. ಫೋನ್ ಕ್ಯಾಮೆರಾ ಮಾತ್ರ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಬೆಳಕು ಇಳಿದ ಹೊತ್ತಿಗೆ ಓದಿದ ಸಾಲುಗಳು ಕಪ್ಪಗೆ ಕಾಣುತ್ತವೆ. ಅಗ್ಗದ ಡ್ರೈವರಿನಲ್ಲಿ ಮೊದಲು ಕತ್ತರಿ ಬೀಳುವುದೇ ಬೆಳಕನ್ನು ಸಮ ಮಾಡುವ ಕೆಪಾಸಿಟರಿಗೆ. ಕ್ಯಾಮೆರಾದ ಶಟರನ್ನು ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಬಹುಪಾಲು ಹೋಗುತ್ತದೆ. ಆದರೆ ಬಂದವರ ಬಳಿಯೆಲ್ಲ ಹೋಗಿ 'ಅಣ್ಣಾ, ಶಟರ್ ಬದಲಾಯಿಸಿ' ಅನ್ನೋಕಾಗುತ್ತಾ? ಬೆಳಕು ತಗ್ಗಿಸೋಣ ಅಂತ ಫ್ಯಾನ್ ರೆಗ್ಯುಲೇಟರಿನಂಥ ಡಿಮ್ಮರ್ ಸೇರಿಸಿದ್ದಕ್ಕೆ ಪಟ್ಟೆಯ ಜೊತೆ ಮಿಣುಕಾಟವೂ ಶುರುವಾಯಿತು.

ಅಂದಿನಿಂದ ಅಂಗಡಿಯಲ್ಲೇ ಲೈಟು ಹಚ್ಚಿಸಿ, ಫೋನಿನ ಸ್ಲೋ ಮೋಷನ್ನಿನಲ್ಲಿ ನೋಡುತ್ತೇನೆ. ಅದರಲ್ಲಿ ಮಿಣುಕಿದರೆ ವಾಪಸ್. ಬಿವಿಕೆ ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ಮೊದಮೊದಲು ವಿಚಿತ್ರವಾಗಿ ನೋಡುತ್ತಿದ್ದರು. ಈಗ ಕೆಲವರು ತಾವೇ ಫೋನ್ ತೆಗೆಯುತ್ತಾರೆ.

ಮೂರನೆಯದು, ನನ್ನ ಮೆಚ್ಚಿನದು: ಒಳ್ಳೆ ಡ್ರೈವರಿನ, ಸಿಆರ್‌ಐ 90 ದಾಟಿದ, 3000 ಕೆಲ್ವಿನ್ನಿನ, ಅಂದ್ರೆ ಹಳದಿ ಛಾಯೆಯ ವಾರ್ಮ್ ವೈಟ್ ಸ್ಪಾಟ್. ಅಗ್ಗದ್ದರ ಎರಡೂವರೆ ಪಟ್ಟು ಬೆಲೆ. ಇದರಲ್ಲಿ ಪಟ್ಟೆ ಇಲ್ಲ. ಬಣ್ಣ ನೋಡಬೇಕು! ಅದೇ ಗೆಳತಿಯ ಮೈಸೂರು ಶೈಲಿಯ ಲಕ್ಷ್ಮಿಯ ಕೆಂಪು ಸೀರೆ ಅಗ್ಗದ ಲೈಟಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಇದರಲ್ಲಿ ಕುಂಕುಮದ ಕೆಂಪು ಬಂತು. ಡಬ್ಬಿಯ ಮೇಲೆ ಬರೆಯುವ ಸಿಆರ್‌ಐ ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಆ ಲೆಕ್ಕದಲ್ಲೇ ಇಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕಿ ಇದೆ, ಕೇಳಿ ತಗೊಳ್ಳಿ. ಚಿನ್ನದ ರೇಕು ಅಂಟಿಸಿದ ಕಡೆ ಸ್ಪಾಟನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದೆ. ಉಬ್ಬಿನ ಒಂದು ಬದಿ ಹೊಳೆದು ಇನ್ನೊಂದು ಬದಿ ಕಪ್ಪಾಯಿತು, ಒಡವೆ ಎದ್ದು ಕಂಡಿತು. ಗಾಜಿನಲ್ಲಿ ಪ್ರತಿಬಿಂಬ ಮಾತ್ರ ಇದರಲ್ಲೂ ಪೂರ್ತಿ ಹೋಗಲ್ಲ.

ಸಣ್ಣ ಚಿತ್ರಕ್ಕೆ 24 ಡಿಗ್ರಿ ಬೀಮ್ (ಬೆಳಕು ಹರಡುವ ಅಗಲ), ದೊಡ್ಡದಕ್ಕೆ 36. ಪಟ್ಟಿ ಮತ್ತು ಸ್ಪಾಟ್ ಒಂದೇ ಕಡೆ ಕೊಳ್ಳಿ, ಒಂದು ಕಂಪನಿಯ ಸ್ಪಾಟಿನ ಕಾಲು ಇನ್ನೊಂದರ ಪಟ್ಟಿಗೆ ಕೂರುವುದಿಲ್ಲ. ಹ್ಯಾಲೊಜನ್ ಬಣ್ಣಕ್ಕೆ ಇವತ್ತಿಗೂ ರಾಜ, ಆದರೆ ಬಿಸಿ ತಡೆಯೋಕಾಗಲ್ಲ. ಜಲವರ್ಣಕ್ಕೆ ಮ್ಯೂಸಿಯಮ್ಮುಗಳು 50 ಲಕ್ಸ್ (ಚಿತ್ರದ ಮೇಲೆ ಬೀಳುವ ಬೆಳಕಿನ ಅಳತೆ) ಅನ್ನುತ್ತವೆ. ಬಣ್ಣ ಮಾಸುವುದು ಒಟ್ಟು ಬಿದ್ದ ಬೆಳಕಿನ ಲೆಕ್ಕದಲ್ಲಿ, ಹಾಗಾಗಿ ಒಂದು ವಾರಕ್ಕೆ ನಾನು 100ರವರೆಗೂ ಬಿಡುತ್ತೇನೆ.

ನನಗೆ ವರ್ಷವಿಡೀ ಒಂದಲ್ಲ ಒಂದು ಪ್ರದರ್ಶನ ಇರುತ್ತದೆ, ಹಾಗಾಗಿ ಸ್ವಂತ ಸ್ಪಾಟ್‌ಗಳನ್ನು ಒಂದೊಂದಾಗಿ ಕೂಡಿಹಾಕುತ್ತಿದ್ದೇನೆ. ವರ್ಷಕ್ಕೊಂದೇ ಸಲ ಮಾಡುವವರು ಕೊಳ್ಳಬೇಡಿ, ಇದೇ ಥರದ್ದನ್ನು ಬಾಡಿಗೆಗೆ ಹುಡುಕಿ. ಗಾಜು, ಫ್ರೇಮ್ ಇಲ್ಲದ ದೊಡ್ಡ ಅಕ್ರಿಲಿಕ್ ಕ್ಯಾನ್ವಾಸ್ ಆದರೆ, ಕೈ ಉದ್ದ ಇರುವ ಆರ್ಮ್ ಲೈಟೂ ನಡೆಯುತ್ತದೆ. ವಾರ್ಮ್ ವೈಟ್ ಬಲ್ಬೇ ಬೇಕು ಅಂತ ಮುಂಗಡ ಕೊಡುವ ಮೊದಲೇ ಹೇಳಿ.