ಬಿ.ಎಚ್. ರಸ್ತೆಯ ಮೆಡಿಕಲ್ ಶಾಪ್: ಮುಲಾಮಿನ ಜೊತೆ ಅದರ ಕಥೆಯೂ ಸಿಕ್ಕಿತು

ಅಮ್ಮನ ಕಣ್ಣಿಗೆ ಹರ್ಪಿಸ್ ಅನ್ನುವ ವೈರಸ್‌ನ ಸೋಂಕು ಆಗಿತ್ತು. ಡಾಕ್ಟರ್ ಬರೆದ ಅಸೈಕ್ಲೋವಿರ್ ಮುಲಾಮು ತುಮಕೂರಿನ ಬಿ.ಎಚ್. ರಸ್ತೆಯ ಈ ಚಿಕ್ಕ ಅಂಗಡಿಯಲ್ಲಿ ಸಿಕ್ಕಿತು. ದಿನಕ್ಕೆ 5 ಸಲ, ಕೆಳರೆಪ್ಪೆ ಮೆಲ್ಲಗೆ ಎಳೆದು ಒಳಗೆ ಹಾಕಬೇಕು ಅಂತ ಅಂಗಡಿಯವರು ತಮ್ಮ ಬೆರಳಲ್ಲೇ ಮಾಡಿ ತೋರಿಸಿದರು. "ಈ ಥರದ ಔಷಧಿಗೆ ದಾರಿ ತೋರಿಸಿದ್ದು ಸಮುದ್ರದ ಸ್ಪಂಜು ಅನ್ನೋ ಜೀವಿ, ಗೊತ್ತಾ ಮೇಡಂ?" ಅಂದರು. 1950ರ ಆಸುಪಾಸಿನಲ್ಲಿ ಬರ್ಗ್‌ಮನ್ ಅನ್ನುವ ವಿಜ್ಞಾನಿ ಕೆರಿಬಿಯನ್ ಸಮುದ್ರದ ಸ್ಪಂಜಿನಲ್ಲಿ ಹೊಸ ಬಗೆಯ ನ್ಯೂಕ್ಲಿಯೋಸೈಡ್ (ಡಿಎನ್‌ಎ ಕಟ್ಟುವ ಇಟ್ಟಿಗೆಯಂಥ ರಾಸಾಯನಿಕ) ಕಂಡುಹಿಡಿದರು, ಅದರ ಮಾದರಿಯಲ್ಲೇ ಬಂದ ವಿಡಾರಬಿನ್ ಔಷಧಿ ವೈರಸ್ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳುವುದನ್ನೇ ತಡೆಯುತ್ತದೆ. ಅಸೈಕ್ಲೋವಿರ್ ಬಂದಿದ್ದು ಆಮೇಲೆ. ಹಿಂದೆ ನಾಲ್ಕು ಜನ ಕಾಯ್ತಾ ಇದ್ದರೂ ಇಷ್ಟು ತಾಳ್ಮೆಯಿಂದ ಯಾರು ಹೇಳುತ್ತಾರೆ, ಅಲ್ವಾ? ಬಿಲ್ ಕೇಳದೆಯೇ ಕೊಡುತ್ತಾರೆ. ಗಾಡಿ ನಿಲ್ಲಿಸಲು ಮಾತ್ರ ಜಾಗ ಇಲ್ಲ.