ಹಿಡಿಯಲಿ, ಹೊಡೆಯುವುದು ಬೇಡ: ನಮ್ಮ ಟೂರ್ನಿಗೆ ಬಂದ ಸೆಕ್ಯುರಿಟಿ ತಂಡದ ಬಗ್ಗೆ

ಟೂರ್ನಿಗೆ ಸೆಕ್ಯುರಿಟಿ ಹುಡುಕುವ ಸಂಘದವರು ಮೊದಲು ಕೇಳುವುದು ರೇಟು, ಆಮೇಲೆ ಬೌನ್ಸರ್‌ಗಳ ಮೈಕಟ್ಟು. ಇವೆರಡಕ್ಕಿಂತ ಮುಂಚೆ ಕೇಳಬೇಕಾದ್ದು ಒಂದಿದೆ: ಹಗ್ಗ ದಾಟಿ ಒಳಗೆ ಓಡಿದವನನ್ನು ಹಿಡಿದ ಮೇಲೆ ನಿಮ್ಮವರು ಏನು ಮಾಡುತ್ತಾರೆ? ಈ ಬೇಸಿಗೆ ನಮ್ಮಲ್ಲಿಗೆ ಬಂದ ತಂಡ ಇದಕ್ಕೆ ಮೈದಾನದಲ್ಲೇ ಉತ್ತರ ಕೊಟ್ಟಿತು. ಅದಕ್ಕೇ ಐದಕ್ಕೆ ನಾಲ್ಕು ಅಂಕ.

ಮಾಗಡಿ ರಸ್ತೆ ಕಡೆ ನಮ್ಮ ಬಡಾವಣೆಯ ಮೈದಾನದಲ್ಲಿ ಬೇಸಿಗೆ ರಜೆಗೆ ಹೊನಲು ಬೆಳಕಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ನಡೆಯುತ್ತದೆ. ಲೈಟು, ಶಾಮಿಯಾನ, ಊಟ ನೋಡಿಕೊಳ್ಳುವವರು ಬೇರೆ ಇದ್ದಾರೆ. ನಾನು ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆದ್ದರಿಂದ ಜನರನ್ನು ಸಂಭಾಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಳಗೆ ನುಗ್ಗುವ ಹುಡುಗರಲ್ಲಿ ಅರ್ಧದಷ್ಟು ಜನ ನನ್ನ ಹತ್ತಿರ ಡ್ರಿಲ್ ಮಾಡಿದವರೇ. ಅವರ ಅಪ್ಪ ಅಮ್ಮಂದಿರೂ ನನಗೆ ಗೊತ್ತು. ಹಾಗಾಗಿ ಇದು ನನಗೆ ಟಿವಿಯಲ್ಲಿ ನೋಡಿ ಮರೆತುಬಿಡುವ ವಿಷಯ ಅಲ್ಲ.

ಹಿಂದಿನ ಬೇಸಿಗೆ ಬೇರೆ ಏಜೆನ್ಸಿಯವರು ಬಂದಿದ್ದರು. ಕಪ್ಪು ಟೀ ಶರ್ಟು, ಕಿವಿಗೆ ವೈರು, ಮಾಮೂಲಿ ಗಾರ್ಡ್‌ನ ದುಪ್ಪಟ್ಟು ರೇಟಿನ ಬೌನ್ಸರ್‌ಗಳು. ಸೆಮಿಫೈನಲ್‌ನ ಕೊನೆಯ ಓವರ್‌ನಲ್ಲಿ ನಮ್ಮ ಏರಿಯಾದ ಹುಡುಗ ಸಿಕ್ಸ್ ಹೊಡೆದು ಗೆಲ್ಲಿಸಿದ್ದೇ ತಡ, ಪಿಯುಸಿ ಓದುವ ಒಬ್ಬ ಹಗ್ಗ ಹಾರಿ ಓಡಿದ. ಬ್ಯಾಟ್ಸ್‌ಮನ್ ಅವನ ಬೀದಿಯವನೇ. ಬಾರೋ ಎಂದು ಕೈ ಚಾಚಿ ನಿಂತಿದ್ದ. ಅಷ್ಟರಲ್ಲಿ ಮೂವರು ಬೌನ್ಸರ್‌ಗಳು ಹುಡುಗನ ಕಾಲರ್‌ಗೆ ಕೈ ಹಾಕಿ ಜನರೇಟರ್ ಇಟ್ಟಿದ್ದ ಗಾಡಿಯ ಹಿಂದಕ್ಕೆ ಎಳೆದುಕೊಂಡು ಹೋದರು. ನಾನು ಓಡಿ ತಲುಪುವ ಹೊತ್ತಿಗೆ ಅವನನ್ನು ಮಂಡಿಯೂರಿಸಿದ್ದರು. ಒಬ್ಬ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ತಿರುಚಿ ಹಿಡಿದಿದ್ದ, ಇನ್ನೊಬ್ಬ ಕೆನ್ನೆಗೆ ಬಾರಿಸುತ್ತಿದ್ದ. "ಬಿಡ್ರೀ, ಸಿಕ್ಕಿಬಿದ್ದವನಿಗೆ ಯಾಕ್ರೀ ಹೊಡೀತೀರಾ" ಎಂದು ನಾನು ಕೂಗಿದ ಮೇಲೂ ಇನ್ನೆರಡು ಏಟು ಬಿದ್ದವು. ಮಾರನೇ ದಿನ ಡಾಕ್ಟರು ನೋಡಿದಾಗ ಎಡಗಿವಿಯ ತಮಟೆ ಹರಿದಿತ್ತು.

ಅವನ ಅಕ್ಕ ಕಿರುಚಿಕೊಂಡಿದ್ದು ಮೈದಾನಕ್ಕೆಲ್ಲ ಕೇಳಿಸಿತು. ಬೀದಿಗೆ ಬೀದಿಯೇ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಒಳಗೆ ಬಂತು. ಒಬ್ಬ ನುಗ್ಗಿದ ಅಂತ ಹೊಡೆದರು, ಹೊಡೆದರು ಅಂತ ಊರೇ ನುಗ್ಗಿತು. ಪೊಲೀಸರ ಹೊಯ್ಸಳ ಗಾಡಿ ಬಂದು ನಿಂತ ಮೇಲೆಯೇ ತಣ್ಣಗಾಯಿತು.

ಇದು ನಮ್ಮ ಮೈದಾನದಲ್ಲಿ ಮಾತ್ರ ಆಗುವಂಥದ್ದಲ್ಲ. 1964ರ ಮೇ 24ರಂದು ಪೆರುವಿನ ಲಿಮಾದಲ್ಲಿ ಪೆರು ಮತ್ತು ಅರ್ಜೆಂಟೀನಾ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಪೆರು ಹೊಡೆದ ಗೋಲನ್ನು ರೆಫರಿ ಒಪ್ಪಲಿಲ್ಲ. ಸಿಟ್ಟಾದ ಪ್ರೇಕ್ಷಕನೊಬ್ಬ ಒಳಗೆ ನುಗ್ಗಿದ, ಅವನ ಹಿಂದೆ ಇನ್ನೊಬ್ಬ. ಆ ಎರಡನೆಯವನನ್ನು ಪೊಲೀಸರು ಎಲ್ಲರ ಕಣ್ಣೆದುರೇ ಬಡಿದರು. ಅದುವರೆಗೆ ಬರೀ ಕೂಗಾಡುತ್ತಿದ್ದ ಜನ ಅದನ್ನು ನೋಡಿ ಕೆರಳಿದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಮೆಟ್ಟಿಲಿಳಿದು ಓಡಿದವರಿಗೆ ಕೆಳಗೆ ಬಾಗಿಲು ಮುಚ್ಚಿದ್ದವು. ಸರ್ಕಾರಿ ಲೆಕ್ಕದಲ್ಲೇ 328 ಜನ ಸತ್ತರು, ಹೆಚ್ಚಿನವರು ಉಸಿರುಗಟ್ಟಿ. ಮೈದಾನದ ನಡುವೆ ಒಬ್ಬನಿಗೆ ಬೀಳುವ ಏಟನ್ನು ಸುತ್ತ ಕೂತ ಸಾವಿರಾರು ಜನ ನೋಡುತ್ತಿರುತ್ತಾರೆ. ಲಾಠಿ ಹಿಡಿದವರಿಗೆ ಮೊದಲು ಹೇಳಿಕೊಡಬೇಕಾದ್ದು ಇದನ್ನು.

ಈ ಸಲ ಬಂದ ತಂಡದಲ್ಲಿ ಹನ್ನೆರಡು ಗಾರ್ಡ್, ಒಬ್ಬರು ಸೂಪರ್‌ವೈಸರ್. ಸೂಪರ್‌ವೈಸರ್ ಮಂಡ್ಯ ಕಡೆಯವರು, ವಯಸ್ಸಿನಲ್ಲಿ ಕಬಡ್ಡಿ ಆಡಿದವರು. ಹಿಂದಿನ ದಿನ ಸಂಜೆಯೇ ಬಂದು ಮೈದಾನ ಸುತ್ತಿ ನೋಡಿದರು. ಬೌಂಡರಿಗೆ ನಾವು ಒಂದೇ ಹಗ್ಗ ಕಟ್ಟಿದ್ದೆವು. ಅದರ ಹಿಂದೆ ನಾಲ್ಕೈದು ಅಡಿ ಬಿಟ್ಟು ಇನ್ನೊಂದು ಕಟ್ಟಿಸಿದರು, ಕಂಬಗಳನ್ನು ಹತ್ತಿರ ಹತ್ತಿರ ನೆಡಿಸಿದರು. ನಡುವಿನ ಆ ಓಣಿಯಲ್ಲಿ ಗಾರ್ಡ್‌ಗಳನ್ನು ಪಿಚ್‌ಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ಕೂರಿಸಿದರು. ಹಿಂದಿನ ಸಲದವರು ಎಲ್ಲರೂ ಆಟ ನೋಡುತ್ತಾ ನಿಂತಿದ್ದರು. ಹಗ್ಗ ದಾಟಿದವನು ಅವರ ಪಕ್ಕದಲ್ಲೇ ಹಾದು ಹೋಗಿದ್ದರೂ ಗೊತ್ತಾಗಿರಲಿಲ್ಲ. ತಡವಾಗಿ ಕಂಡಾಗ ಓಡಬೇಕಾಗುತ್ತದೆ, ಓಡಿ ಹಿಡಿದಾಗ ಸಿಟ್ಟು ನೆತ್ತಿಗೇರಿರುತ್ತದೆ. ಹಗ್ಗದ ಹತ್ತಿರವೇ "ಏ, ಎಲ್ಲಿಗಪ್ಪಾ?" ಎಂದು ಎದೆಗೆ ಅಂಗೈ ಇಟ್ಟರೆ ಮುಗಿಯುವ ಕೆಲಸ ಪಿಚ್‌ವರೆಗೆ ಹೋದರೆ ಕುಸ್ತಿಯಾಗುತ್ತದೆ.

ಲಾಠಿಗಳನ್ನು ಗಾಡಿಯಿಂದ ಕೆಳಗಿಳಿಸಲೇ ಇಲ್ಲ. ಯಾಕೆ ಅಂತ ಕೇಳಿದೆ. "ಗಾಡೀಲೇ ಇರ್ಲಿ ಮಿಸ್. ಕೈಲಿದ್ರೆ ನಮ್ ಹುಡುಗ್ರಿಗೂ ಬೀಸ್ಬೇಕು ಅನ್ಸುತ್ತೆ" ಅಂದರು.

ಫೈನಲ್ ರಾತ್ರಿ ನಿರೀಕ್ಷಿಸಿದ್ದೇ ಆಯಿತು. ವಿಕೆಟ್ ಬಿದ್ದು ಕೂಗು ಎದ್ದ ಹೊತ್ತಿನಲ್ಲಿ ಹದಿನಾರರ ಆಸುಪಾಸಿನ ಹುಡುಗನೊಬ್ಬ ಚಪ್ಪಲಿ ಕೈಯಲ್ಲಿ ಹಿಡಿದು ಎರಡೂ ಹಗ್ಗದ ಕೆಳಗೆ ನುಸುಳಿ ಓಡಿದ. ಬೌಲರ್ ಅವನ ಪಾಲಿನ ಹೀರೋ. ಹಿಂದಿನಿಂದ ಒಬ್ಬ ಗಾರ್ಡ್ ಓಡಿದ. ಎದುರಿನಿಂದ ಸೂಪರ್‌ವೈಸರೇ ಎರಡೂ ಕೈ ಅಗಲಿಸಿಕೊಂಡು, ಓಡದೆ, ದಾರಿಗೆ ಅಡ್ಡ ಬಂದರು. ಹುಡುಗ ಎಡಕ್ಕೆ ಹೊರಳಿದ, ಅವರೂ ಹೊರಳಿದರು. ಆ ಒಂದು ಕ್ಷಣದ ತಡಕ್ಕೆ ಹಿಂದಿನವನು ಸೊಂಟ ಹಿಡಿದ, ಇವರು ಮುಂಗೈ ಹಿಡಿದರು. ಕಬಡ್ಡಿಯಲ್ಲಿ ಏಳು ಜನ ಸೇರಿ ರೈಡರ್‌ನನ್ನು ಹಿಡಿಯುವಾಗ ಮೈಯ ಭಾರವನ್ನೆಲ್ಲ ಹಾಕುತ್ತಾರೆ, ಆದರೆ ಗುದ್ದುವ ಹಾಗಿಲ್ಲ, ಬಾಯಿ ಮುಚ್ಚುವ ಹಾಗಿಲ್ಲ, ಸೀಟಿ ಊದಿದ ತಕ್ಷಣ ಬಿಡಬೇಕು. ಅದೇ ಪಾಠ ಇಲ್ಲಿ ಕಂಡಿತು. ಹುಡುಗ ಮುಗ್ಗರಿಸಿ ಮಂಡಿ ತರಚಿಕೊಂಡ. ಸೂಪರ್‌ವೈಸರ್ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು: "ಏಳೋ ಮಗಾ, ಏಟಾಯ್ತಾ? ನಡಿ." ಗಾಡಿಯ ಹಿಂದಕ್ಕೆ ಕರೆದೊಯ್ಯಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಬೌಂಡರಿ ಪಕ್ಕದಲ್ಲೇ ನಡೆಸಿಕೊಂಡು ಸ್ಕೋರರ್ ಶಾಮಿಯಾನಕ್ಕೆ ತಂದರು. ಚಪ್ಪಲಿ, ಜೇಬು ನೋಡಿದರು. ನೀರು ಕೊಟ್ಟರು. ಅಪ್ಪನ ನಂಬರ್ ತೆಗೆದುಕೊಂಡು ನನ್ನ ಕೈಗೆ ಕೊಟ್ಟರು. ಅವನಿಗೆ ಆ ರಾತ್ರಿಯ ಉಳಿದ ಆಟ ಇಲ್ಲ, ಅಪ್ಪ ಬಂದು ಕರೆದುಕೊಂಡು ಹೋಗಬೇಕು. ಕೂಗಲು ಎದ್ದು ನಿಂತಿದ್ದ ಜನ ಕೂತುಕೊಂಡರು. ಮುಂದಿನ ಬ್ಯಾಟ್ಸ್‌ಮನ್ ಕ್ರೀಸಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮ ಸಂಘದ ಅಧ್ಯಕ್ಷರಿಗೆ ಇದು ಹಿಡಿಸಲಿಲ್ಲ. "ನಾಲ್ಕು ಬಿಟ್ಟಿದ್ರೆ ಇನ್ನೊಬ್ಬ ಬರ್ತಿರ್ಲಿಲ್ಲ ಮೇಡಂ. ಅವನ ಕೈಲಿ ಚಪ್ಪಲಿ ಬದ್ಲು ಚಾಕು ಇದ್ದಿದ್ರೆ?" ಅಂದರು. ಎರಡನೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 1993ರ ಏಪ್ರಿಲ್ 30ರಂದು ಹ್ಯಾಂಬರ್ಗ್‌ನಲ್ಲಿ ಟೆನಿಸ್ ಆಟಗಾರ್ತಿ ಮೋನಿಕಾ ಸೆಲೆಸ್ ಆಟದ ನಡುವೆ ಕುರ್ಚಿಯಲ್ಲಿ ಕೂತಿದ್ದಾಗ ಗ್ಯಾಲರಿಯಿಂದ ಬಂದವನು ಬೆನ್ನಿಗೆ ಚಾಕು ಹಾಕಿದ. ಆಗ ಆಕೆಗೆ 19 ವರ್ಷ, ವಿಶ್ವದ ನಂಬರ್ ಒನ್ ಪಟ್ಟದಲ್ಲಿದ್ದವಳು. ಮತ್ತೆ ಆಡಲು ಎರಡು ವರ್ಷಕ್ಕೂ ಹೆಚ್ಚು ಬೇಕಾಯಿತು. 2002ರಲ್ಲಿ ಶಿಕಾಗೋದ ಬೇಸ್‌ಬಾಲ್ ಪಂದ್ಯವೊಂದರಲ್ಲಿ ಅಪ್ಪ ಮಗ ಇಬ್ಬರೂ ಒಳಗೆ ನುಗ್ಗಿ ಕ್ಯಾನ್ಸಸ್ ಸಿಟಿ ತಂಡದ ಕೋಚ್ ಟಾಮ್ ಗಂಬೋವಾ ಅವರನ್ನು ನೆಲಕ್ಕೆ ಕೆಡವಿ ಹೊಡೆದರು. ಬಂದವನು ಕಾಲಿಗೆ ಬೀಳುತ್ತಾನೋ ಚಾಕು ಹಾಕುತ್ತಾನೋ ಎಂದು ದೂರದಿಂದ ಹೇಳಲಾಗುವುದಿಲ್ಲ. ಆದ್ದರಿಂದ ಆಟಗಾರನ ಹತ್ತಿರ ಹೋಗುವ ಮೊದಲು ಅವನನ್ನು ತಡೆಯಲೇಬೇಕು, ಬೇರೆ ದಾರಿ ಇಲ್ಲದಿದ್ದರೆ ನೆಲಕ್ಕೆ ಕೆಡವಲೂಬೇಕು. ಅದರಲ್ಲಿ ಮಂಡಿ ಒಡೆದರೆ ನಾನು ದೂರುವುದಿಲ್ಲ. ಆದರೆ ಚಾಕುವಿನ ಭಯ ಅವನ ಕೈ ಸಿಕ್ಕುವವರೆಗೆ ಮಾತ್ರ. ಎರಡೂ ಕೈ ಹಿಡಿದಾದ ಮೇಲೆ ಬೀಳುವ ಏಟು ಆಟಗಾರನ ರಕ್ಷಣೆಗೆ ಅಲ್ಲ, ಹೊಡೆಯುವವನ ಸಿಟ್ಟಿಗೆ.

ಏಟಿಗೆ ಹೆದರಿ ಇನ್ನೊಬ್ಬ ಬರುವುದಿಲ್ಲ ಎಂಬ ಅವರ ಮೊದಲ ಮಾತಿಗೂ ಉತ್ತರ ಇದೆ. ನಮ್ಮ ಚಿನ್ನಸ್ವಾಮಿಯನ್ನೇ ನೋಡಿ. 2022ರ ಮಾರ್ಚ್‌ನಲ್ಲಿ ಶ್ರೀಲಂಕಾ ವಿರುದ್ಧದ ಟೆಸ್ಟ್ ನಡೆಯುತ್ತಿದ್ದಾಗ ಹುಡುಗರು ಒಳಗೆ ಓಡಿ ಕೊಹ್ಲಿ ಜೊತೆ ಸೆಲ್ಫಿ ತೆಗೆದುಕೊಂಡರು. 2024ರ ಮಾರ್ಚ್ 25ರಂದು ಪಂಜಾಬ್ ವಿರುದ್ಧದ ಐಪಿಎಲ್ ಪಂದ್ಯದಲ್ಲಿ ಇನ್ನೊಬ್ಬ ಓಡಿ ಬಂದು ಕೊಹ್ಲಿ ಕಾಲು ಹಿಡಿದ. ಅವನನ್ನು ಹೊರಗೆ ಕರೆದೊಯ್ದ ಮೇಲೆ ಕೆಲವರು ಗುದ್ದಿ ಒದೆಯುವ ವಿಡಿಯೊ ದೇಶವೆಲ್ಲ ಓಡಾಡಿತು. ಅದನ್ನು ನೋಡಿ ನುಗ್ಗುವವರು ನಿಂತುಬಿಟ್ಟರೇ? ಆಮೇಲಿನ ಐಪಿಎಲ್‌ಗಳಲ್ಲೂ ಬೇರೆ ಬೇರೆ ಊರಲ್ಲಿ ಓಡಿದರು. ಕೊಹ್ಲಿ ಕಾಲು ಮುಟ್ಟಬೇಕು ಎಂದು ಹೊರಟವನು ಏಟಿನ ಲೆಕ್ಕ ಹಾಕಿ ಹೊರಟಿರುವುದಿಲ್ಲ. ಇಂಗ್ಲೆಂಡಿನಲ್ಲಿ 1991ರ ಕಾಯ್ದೆ ಪ್ರಕಾರ ಫುಟ್‌ಬಾಲ್ ಪಂದ್ಯದ ವೇಳೆ ಕಾರಣವಿಲ್ಲದೆ ಮೈದಾನಕ್ಕೆ ಇಳಿಯುವುದೇ ಅಪರಾಧ. ಶಿಕ್ಷೆ ಕೊಡುವುದು ಕೋರ್ಟು. ನನಗೆ ಸರಿ ಕಾಣುವುದೂ ಅದೇ. ಶಿಕ್ಷೆ ಇರಲಿ, ಹಿಡಿದವನ ಕೈಯಲ್ಲಿ ಇರುವುದು ಬೇಡ.

ಉಪಕರಣಗಳ ಮೇಲೆ ಆಸೆ ಪಡುವವರಿಗೆ ಇನ್ನೊಂದು ಮಾತು. 2010ರ ಮೇನಲ್ಲಿ ಫಿಲಡೆಲ್ಫಿಯಾದ ಬೇಸ್‌ಬಾಲ್ ಮೈದಾನದಲ್ಲಿ ಟವೆಲ್ ಬೀಸುತ್ತಾ ಓಡಾಡುತ್ತಿದ್ದ 17ರ ಹುಡುಗನನ್ನು ಪೊಲೀಸರು ಟೇಸರ್ ಗನ್ನಿನಿಂದ ಶಾಕ್ ಕೊಟ್ಟು ಬೀಳಿಸಿದರು. ಯಾರ ಮೈಮೇಲೂ ಹೋಗದೆ ಸುತ್ತು ಹೊಡೆಯುತ್ತಿದ್ದವನಿಗೆ ವಿದ್ಯುತ್ತು! ಸ್ವಲ್ಪ ಹೊತ್ತು ಬಿಟ್ಟಿದ್ದರೆ ತಾನಾಗಿ ಏದುಸಿರು ಬಂದು ನಿಲ್ಲುತ್ತಿದ್ದ. ಅದಕ್ಕಿಂತ ಅಪಾಯದ್ದು ನಮ್ಮಲ್ಲಿ ದಿನವೂ ಕಾಣುತ್ತದೆ: ಬೋರಲು ಕೆಡವಿ ಬೆನ್ನ ಮೇಲೆ ಮಂಡಿ ಊರುವುದು. ಓಡಿ ಓಡಿ ಸುಸ್ತಾದವನ ಎದೆ ನೆಲಕ್ಕೆ ಅಮುಕಿದರೆ ಉಸಿರು ಎಳೆದುಕೊಳ್ಳಲು ಜಾಗವೇ ಇರುವುದಿಲ್ಲ. "ಉಸಿರಾಡಕ್ಕಾಗ್ತಿಲ್ಲ" ಎಂದು ಒದ್ದಾಡಿದರೆ ಎದುರಿಸುತ್ತಿದ್ದಾನೆ ಎಂದು ಇನ್ನಷ್ಟು ಅಮುಕುತ್ತಾರೆ. ಕೆಡವಿದ ಮೇಲೆ ತಕ್ಷಣ ಮಗ್ಗುಲಿಗೆ ತಿರುಗಿಸಬೇಕು, ಕೂರಿಸಬೇಕು. ಈ ತಂಡದ ಗಾರ್ಡ್‌ಗಳಲ್ಲಿ ಇಬ್ಬರನ್ನು ನಾನೇ ಕರೆದು ಕೇಳಿದೆ, ಇಬ್ಬರಿಗೂ ಗೊತ್ತಿತ್ತು. ನನಗೆ ತುಂಬಾ ನೆಮ್ಮದಿ ಕೊಟ್ಟ ಉತ್ತರ ಅದು.

ಆಟಗಾರರು ಕೈ ಹಾಕುವುದು ಬೇಡ ಎಂದು ಕ್ಯಾಪ್ಟನ್‌ಗಳ ಮೀಟಿಂಗಿನಲ್ಲಿ ಹೇಳಿಸಿದವರೂ ಈ ಸೂಪರ್‌ವೈಸರೇ. 2008ರಲ್ಲಿ ಬ್ರಿಸ್ಬೇನ್‌ನಲ್ಲಿ ಭಾರತದ ವಿರುದ್ಧ ಆಡುವಾಗ ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ ಒಳಗೆ ನುಗ್ಗಿದ ಒಬ್ಬನನ್ನು ಭುಜ ಕೊಟ್ಟು ಉರುಳಿಸಿದ್ದನ್ನು ನಮ್ಮ ಹುಡುಗರು ಇವತ್ತಿಗೂ ಫೋನಿನಲ್ಲಿ ನೋಡಿ ನಗುತ್ತಾರೆ. 1982ರಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯಾದ್ದೇ ಬೌಲರ್ ಟೆರ್ರಿ ಆಲ್ಡರ್‌ಮನ್ ಹೀಗೇ ಒಬ್ಬನ ಮೇಲೆ ಬಿದ್ದು ಭುಜದ ಕೀಲು ತಪ್ಪಿಸಿಕೊಂಡು ವರ್ಷಕ್ಕೂ ಮೀರಿ ಕ್ರಿಕೆಟ್ ಕಳೆದುಕೊಂಡದ್ದು ಅವರಿಗೆ ಗೊತ್ತಿಲ್ಲ.

ಗೇಟಿನ ವಿಷಯದಲ್ಲೂ ಪೂರ್ತಿ ಅಂಕ. ರಸ್ತೆ ಕಡೆಯ ಎರಡೂ ಗೇಟಿಗೆ ಬೀಗ ಹಾಕಗೊಡಲಿಲ್ಲ. ಜನ ಹೆಚ್ಚಾದರೆ ಹಗ್ಗ ಇಳಿಸಿ ಮೈದಾನದೊಳಕ್ಕೇ ಬಿಡಬೇಕು ಎಂದು ತಮ್ಮವರಿಗೆ ಹೇಳಿಟ್ಟಿದ್ದರು. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನೂಕುನುಗ್ಗಲಿನಿಂದ ಪಾರಾಗಲು ಬೇಲಿ ಹತ್ತಿದವರನ್ನು ಪೊಲೀಸರು ಮೈದಾನಕ್ಕೆ ನುಗ್ಗುವವರು ಎಂದೇ ತಿಳಿದರು. ಆ ದುರಂತದಲ್ಲಿ ಒಟ್ಟು 97 ಜೀವ ಹೋಯಿತು. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಕಂಜುರುಹಾನ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸೋತ ತಂಡದ ಅಭಿಮಾನಿಗಳು ಮೈದಾನಕ್ಕಿಳಿದಾಗ ಪೊಲೀಸರು ಗ್ಯಾಲರಿಗೂ ಅಶ್ರುವಾಯು ಹೊಡೆದರು, ಗೇಟುಗಳ ಬಳಿ 135 ಜನ ಸತ್ತರು. ಅಶ್ರುವಾಯು ಮೈದಾನಕ್ಕೆ ತರಲೇಬಾರದು ಎಂದು ಫಿಫಾ ನಿಯಮ ಅದಕ್ಕೂ ಮೊದಲೇ ಇತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಗೇಟುಗಳ ಹೊರಗೆ 11 ಜನರನ್ನು ಕಳೆದುಕೊಂಡ ಊರಿನವರಿಗೆ ಗೇಟಿನ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಒಂದು ಅಂಕ ಕಳೆದದ್ದು ಯಾಕೆ ಅಂದರೆ, ಮಹಿಳಾ ಗಾರ್ಡ್ ಇಬ್ಬರು ಬೇಕು ಎಂದಿದ್ದೆವು, ಒಬ್ಬರೇ ಬಂದರು. ಫೈನಲ್‌ಗೆ ಹೆಂಗಸರು ಮಕ್ಕಳು ಜಾಸ್ತಿ, ಆಕೆಗೆ ಊಟಕ್ಕೂ ಬಿಡುವು ಸಿಗಲಿಲ್ಲ. ವಾಕಿಟಾಕಿಗಳಲ್ಲಿ ಎರಡರ ಬ್ಯಾಟರಿ ರಾತ್ರಿ ಹತ್ತರ ಹೊತ್ತಿಗೆ ಸತ್ತಿತ್ತು. ಬಿಲ್ ಲೆಕ್ಕದಲ್ಲಿ ತಕರಾರಿಲ್ಲ, ಮಾತಾಡಿದ ರೇಟಿನ ಮೇಲೆ ಶೇ 18 ಜಿಎಸ್‌ಟಿ, ಅಷ್ಟೇ.

ನೀವು ಯಾರನ್ನೇ ಕರೆಸಿ, 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಲೈಸೆನ್ಸ್ ಇದೆಯೇ ನೋಡಿ, ಗಾರ್ಡ್‌ಗಳಿಗೆ ಟ್ರೈನಿಂಗ್ ಕೊಟ್ಟ ದಾಖಲೆ ಕೇಳಿ. ಖಾಕಿಯಂಥ ಬಟ್ಟೆ ಹಾಕಿದ ಮಾತ್ರಕ್ಕೆ ಪೊಲೀಸರ ಅಧಿಕಾರ ಬರುವುದಿಲ್ಲ. ಪೊಲೀಸರಂತೆ ಕಾಣುವ ಸಮವಸ್ತ್ರ ಹಾಕಿಕೊಳ್ಳುವುದಕ್ಕೂ ಅದೇ ಕಾಯ್ದೆಯಲ್ಲಿ ಶಿಕ್ಷೆ ಇದೆ. ಕರಾರಿನಲ್ಲಿ ನಾನು ಒಂದು ಸಾಲು ಸೇರಿಸಿದ್ದೇನೆ: ಹಿಡಿದವರನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಕೂರಿಸಬೇಕು, ಹಿಡಿದ ಮೇಲೆ ಕೈ ಮಾಡಿದ ಗಾರ್ಡ್‌ನ ತಂಡಕ್ಕೆ ಆ ದಿನದ ದುಡ್ಡು ಇಲ್ಲ. ಏಜೆನ್ಸಿ ಮಾಲೀಕರು ದುಡ್ಡಿನ ಮಾತಿಗೆ ಒಪ್ಪಲು ಹಿಂದೆ ಮುಂದೆ ನೋಡಿದರು. ಸೂಪರ್‌ವೈಸರ್ ಪಕ್ಕದಲ್ಲಿದ್ದವರು "ಹಾಕ್ಲಿ ಬಿಡಿ ಸಾರ್, ನಮ್ ಹುಡುಗ್ರಿಗೆ ನಾನ್ ಜವಾಬ್ದಾರಿ" ಅಂದ ಮೇಲೆ ಸಹಿ ಬಿತ್ತು. ಮುಂದಿನ ಬೇಸಿಗೆಗೂ ಇವರನ್ನೇ ಹೇಳಿದ್ದೇವೆ. ಮಹಿಳಾ ಗಾರ್ಡ್ ಇಬ್ಬರು ಎಂಬುದನ್ನು ಈ ಸಲ ಅಡ್ವಾನ್ಸ್ ಕೊಡುವ ಮೊದಲೇ ಬರೆಸಿಕೊಂಡಿದ್ದೇನೆ.