ಡಿಫರೆನ್ಸಿಯೇಷನ್ ಹೋಮ್‌ವರ್ಕ್: ಉತ್ತರ ಕೊಡುವ ಸಹಾಯ, ತಪ್ಪು ತೋರಿಸುವ ಸಹಾಯ

ಡಿಫರೆನ್ಸಿಯೇಷನ್ ಲೆಕ್ಕದಲ್ಲಿ ಪೆನ್ನು ನಿಲ್ಲುವುದು ಎರಡು ಕಡೆ. ಒಂದೋ ಯಾವ ರೂಲ್ ಹಾಕಬೇಕೆಂದು ಹೊಳೆಯುವುದಿಲ್ಲ, ಇಲ್ಲವೇ ರೂಲ್ ಹಾಕಿದರೂ ಪುಸ್ತಕದ ಉತ್ತರಕ್ಕೆ ತಾಳೆಯಾಗುವುದಿಲ್ಲ. ಎರಡಕ್ಕೂ ಬೇಕಾದ ಸಹಾಯ ಬೇರೆ ಬೇರೆ. ಇಂಥ ಸಹಾಯ ಕೊಡುವ ಆ್ಯಪ್, ವೆಬ್‌ಸೈಟ್‌ಗಳ ಪರೀಕ್ಷೆಗೆ ಇಲ್ಲಿ ಇಟ್ಟುಕೊಂಡದ್ದು ಮೂರು ಲೆಕ್ಕ: ಎಕ್ಸ್² ಸೈನ್ 3ಎಕ್ಸ್, √(1 + ಕಾಸ್² ಎಕ್ಸ್), ಮತ್ತು ಎಕ್ಸ್‌ನ ಘಾತ ಎಕ್ಸ್.

ವೇಗದಲ್ಲಿ ಫೋಟೋಮ್ಯಾಥ್ ಆ್ಯಪ್ ಮುಂದು: ಲೆಕ್ಕದ ಫೋಟೋ ತೆಗೆದರೆ ಸಾಕು, ಬಿಡಿಸಿ ತೋರಿಸುತ್ತದೆ. ತೊಂದರೆ ಕೈಬರಹದ್ದು. ಸೈನ್ ಪಕ್ಕದ 3 ಕೊಂಚ ಮೇಲೆ ಕೂತರೆ ಸೈನ್ 3ಎಕ್ಸ್ ಹೋಗಿ ಸೈನ್³ ಎಕ್ಸ್ ಆಗಿಬಿಡಬಹುದು. ಆಮೇಲಿನ ಹಂತಗಳೆಲ್ಲ ಅಚ್ಚುಕಟ್ಟು, ಲೆಕ್ಕ ಮಾತ್ರ ನಿಮ್ಮದಲ್ಲ. ಅದು ಓದಿಕೊಂಡ ಸಾಲನ್ನು ಮೊದಲು ನೋಡಿ, ಉತ್ತರ ಆಮೇಲೆ.

ವೊಲ್ಫ್ರಾಮ್ ಆಲ್ಫಾ ವೆಬ್‌ಸೈಟ್ ಉತ್ತರವನ್ನು ಉಚಿತವಾಗಿ ಕೊಡುತ್ತದೆ, ಪೂರ್ತಿ ಹಂತಗಳಿಗೆ ಹಣ ಕೇಳುತ್ತದೆ. ಬರೀ ಹಂತ ಬೇಕಿದ್ದರೆ ಡೆರಿವೇಟಿವ್ ಕ್ಯಾಲ್ಕುಲೇಟರ್ ಡಾಟ್ ನೆಟ್ ಸಾಕು. ಎರಡರಲ್ಲೂ ಒಂದು ಗೊಂದಲ ತಪ್ಪಿದ್ದಲ್ಲ: ಎರಡನೇ ಲೆಕ್ಕಕ್ಕೆ ನಿಮ್ಮ ಉತ್ತರ −ಸೈನ್ ಎಕ್ಸ್ ಕಾಸ್ ಎಕ್ಸ್ / √(1 + ಕಾಸ್² ಎಕ್ಸ್) ಆಗಿ, ಅಲ್ಲಿ −ಸೈನ್ 2ಎಕ್ಸ್ / 2√(1 + ಕಾಸ್² ಎಕ್ಸ್) ಇದ್ದರೆ ಎರಡೂ ಒಂದೇ. ರೂಪ ಬೇರೆ ಎಂದು ಸರಿಯಾದ ಉತ್ತರವನ್ನು ಹೊಡೆದುಹಾಕಬೇಡಿ.

ಎಐ ಚಾಟ್‌ಬಾಟ್‌ಗೆ "ಬಿಡಿಸಿಕೊಡು" ಎಂದರೆ ಬಿಡಿಸಿಕೊಡುತ್ತದೆ, ನಡುವೆ ಚಿಹ್ನೆ ತಪ್ಪಿದ್ದರೂ ಅದೇ ಧೈರ್ಯದಲ್ಲಿ. ಅದರ ನಿಜವಾದ ಉಪಯೋಗ ಬೇರೆ. ನಿಮ್ಮ ಸಾಲುಗಳನ್ನೇ ಕೊಟ್ಟು "ಮೊದಲ ತಪ್ಪು ಯಾವ ಸಾಲಿನಲ್ಲಿದೆ, ಸರಿಪಡಿಸಬೇಡ" ಎಂದು ಕೇಳಿ. "ಯಾಕೆ ಈ ರೂಲ್?" ಎಂಬ ಪ್ರಶ್ನೆಗೂ ಇದೇ ವಾಸಿ. ಎಕ್ಸ್‌ನ ಘಾತ ಎಕ್ಸ್‌ಗೆ ಪವರ್ ರೂಲ್ ಹಾಕುವವರು ಬಹಳ. ಆ ರೂಲ್‌ಗೆ ಘಾತ ಸ್ಥಿರಸಂಖ್ಯೆ ಆಗಿರಬೇಕು, ಇಲ್ಲಿ ಘಾತವೇ ಬದಲಾಗುತ್ತದೆ. ಎರಡೂ ಕಡೆ ಲಾಗ್ ತೆಗೆದುಕೊಂಡರೆ ಸರಿ ಉತ್ತರ ಬರುತ್ತದೆ: ಎಕ್ಸ್‌ನ ಘಾತ ಎಕ್ಸ್ ಗುಣಿಸು (1 + ಲಾಗ್ ಎಕ್ಸ್). ಇಲ್ಲಿ ಲಾಗ್ ಎಂದರೆ ಸ್ವಾಭಾವಿಕ ಲಾಗ್, ಅಂದರೆ ಎಲ್‌ಎನ್. ಎಕ್ಸ್ = 2 ಹಾಕಿ ನೋಡಿ, ಇದು 6.77, ಪವರ್ ರೂಲ್ ಕೊಡುವುದು 4.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲು ಗ್ರಾಫ್ ಬಿಡಿಸುವ ಡೆಸ್ಮೋಸ್, ಅದು ಒಂದು ಹಂತವನ್ನೂ ತೋರಿಸದಿದ್ದರೂ. ಮೊದಲ ಸಾಲಿನಲ್ಲಿ ಎಫ್(ಎಕ್ಸ್) = ಎಕ್ಸ್² ಸೈನ್ 3ಎಕ್ಸ್ ಬರೆಯಿರಿ. ಎರಡನೇ ಸಾಲಿನಲ್ಲಿ ನಿಮ್ಮ ಉತ್ತರದಿಂದ ಎಫ್ ಡ್ಯಾಶ್ (f′(x), ಅಂದರೆ ಎಫ್‌ನ ಡೆರಿವೇಟಿವ್) ಕಳೆಯಿರಿ. ಉತ್ತರ ಸರಿಯಿದ್ದರೆ ಗೆರೆ ಎಕ್ಸ್ ಅಕ್ಷದ ಮೇಲೆ ಚಪ್ಪಟೆ ಮಲಗುತ್ತದೆ. ಚೈನ್ ರೂಲ್‌ನ ಒಳಗಿನ 3 ಮರೆತು 2ಎಕ್ಸ್ ಸೈನ್ 3ಎಕ್ಸ್ + ಎಕ್ಸ್² ಕಾಸ್ 3ಎಕ್ಸ್ ಎಂದು ಬರೆದಿದ್ದರೆ, ಎರಡೂ ಬದಿಗೆ ಹೋದಂತೆ ಎತ್ತರವಾಗುವ ಅಲೆ ಏಳುತ್ತದೆ. ತಪ್ಪಿದೆ ಎಂದಷ್ಟೇ ಗೊತ್ತಾಗುತ್ತದೆ, ಎಲ್ಲಿ ಎಂದು ಹುಡುಕುವ ಕೆಲಸ ನಿಮ್ಮದು. ಕೈ ಪಳಗುವುದು ಆ ಹುಡುಕಾಟದಲ್ಲೇ. ಒಂದು ಎಚ್ಚರ: ಡೆಸ್ಮೋಸ್‌ನಲ್ಲಿ ಲಾಗ್ ಎಂದರೆ ಆಧಾರ 10, ವೊಲ್ಫ್ರಾಮ್‌ನಲ್ಲಿ ಸ್ವಾಭಾವಿಕ ಲಾಗ್. ಡೆಸ್ಮೋಸ್‌ನಲ್ಲಿ ಎಲ್‌ಎನ್ ಎಂದೇ ಬರೆಯಿರಿ. ಇಲ್ಲದಿದ್ದರೆ ಎಕ್ಸ್ = 1 ರಲ್ಲಿ ಲಾಗ್‌ನ ಡೆರಿವೇಟಿವ್ 1 ಬರುವ ಬದಲು 0.434 ಬರುತ್ತದೆ.

ಇಂಟರ್ನೆಟ್ ಇಲ್ಲದಾಗ ಸಾದಾ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದೇ ಕೆಲಸ ಮಾಡುತ್ತದೆ. ಎಕ್ಸ್ = 1 ರ ಡೆರಿವೇಟಿವ್‌ಗೆ 1.001 ಮತ್ತು 0.999 ರಲ್ಲಿ ಎಫ್ ಬೆಲೆ ಕಂಡುಹಿಡಿದು, ವ್ಯತ್ಯಾಸವನ್ನು 0.002 ರಿಂದ ಭಾಗಿಸಿ. ಮೊದಲ ಲೆಕ್ಕಕ್ಕೆ −2.688 ಬರಬೇಕು. ಒಳಗಿನ 3 ಮರೆತ ಉತ್ತರಕ್ಕೆ 1 ಹಾಕಿದರೆ ಬರುವುದು −0.708. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿರಲಿ. ಡಿಗ್ರಿಯಲ್ಲಿದ್ದರೆ ಭಾಗಲಬ್ಧ 0.157, ನಿಮ್ಮ ಸರಿಯಾದ ಉತ್ತರಕ್ಕೆ 1 ಹಾಕಿದರೆ 3.10. ಸರಿ ಇದ್ದದ್ದನ್ನೇ ತಪ್ಪೆಂದು ತಿದ್ದುತ್ತಾ ಕೂರುತ್ತೀರಿ.

ಸುಲಭವೆಂದು 0 ಹಾಕಿ ಮಾತ್ರ ತಾಳೆ ನೋಡಬೇಡಿ. ಮೊದಲ ಲೆಕ್ಕದಲ್ಲಿ ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಅಲ್ಲಿ 0 ಬರುತ್ತದೆ.